90 ದಿನದ ರಿಪೋರ್ಟ್ ರಿಜೆಕ್ಟ್ ಆಯ್ತು, ಮನೆ ಓನರಮ್ಮ ಫೋನ್ ಎತ್ತುತ್ತಿಲ್ಲ. ಬ್ಯಾಂಕಾಕ್‌ನವರು ಯಾರಾದರೂ ಇದ್ದೀರಾ?

ತುಮಕೂರು ಟು ಬ್ಯಾಂಕಾಕ್ (ಮಂಗಳವಾರ, ನವೆಂಬರ್ 18)

ಎಲ್ಲರಿಗೂ ನಮಸ್ಕಾರ. ಬ್ಯಾಂಕಾಕ್‌ಗೆ ಬಂದು ಒಂದೂವರೆ ವರ್ಷ ಆಯ್ತು. ನಾನು ಇರೋದು ಕೆಲಸದ ವೀಸಾದಲ್ಲಿ, ಹೆಂಡತಿ ಮತ್ತು ಆರು ವರ್ಷದ ಮಗಳು ನನ್ನ ಮೇಲೆ ಅವಲಂಬಿತರ ವೀಸಾದಲ್ಲಿ. ಇಲ್ಲಿ 90 ದಿನಕ್ಕೊಮ್ಮೆ ಇಮಿಗ್ರೇಷನ್‌ಗೆ "ನಾನು ಇಂಥ ಕಡೆ ಇದ್ದೀನಿ" ಅಂತ ಹೇಳಬೇಕು, ಗೊತ್ತಲ್ವಾ? ಇಷ್ಟು ದಿನ ಕಂಪನಿಯ ಏಜೆಂಟ್ ಮಾಡುತ್ತಿದ್ದ. ಕೊನೆಯದು ಆಗಸ್ಟ್ 26ಕ್ಕೆ ಮಾಡಿದ್ದು. ಆಗ ಇಲ್ಲಿ ನಾನೊಬ್ಬನೇ ಇದ್ದೆ. ಮನೆಯವರು ಗಣೇಶನ ಹಬ್ಬಕ್ಕೆ ಅಂತ ಊರಿಗೆ ಹೋಗಿದ್ದರು, ತಿಂಗಳ ಕೊನೆಗೆ ಬಂದರು.

ಈಗ ಕಂಪನಿ ಏಜೆಂಟನ್ನು ನಿಲ್ಲಿಸಿದೆ. "ಆನ್‌ಲೈನ್ ಇದೆ, ನೀವೇ ಮಾಡ್ಕೊಳ್ಳಿ" ಅಂದರು. ಸರಿ ಅಂತ 12ನೇ ತಾರೀಕು ಕೂತು ಟಿಎಂ 47 ಅನ್ನೋ ಫಾರಂ ತುಂಬಿದೆ. ಐದು ದಿನ ಸುಮ್ನೆ ಇತ್ತು. ನಿನ್ನೆ ರಿಜೆಕ್ಟ್ ಅಂತ ಬಂತು. ಕಾರಣ ಅಂತ ಒಂದೇ ಸಾಲು: ಹತ್ತಿರದ ಇಮಿಗ್ರೇಷನ್ ಕಚೇರಿಯನ್ನು ಸಂಪರ್ಕಿಸಿ.

ಆಮೇಲೆ ಹೊಳೆಯಿತು. ಅಕ್ಟೋಬರ್ 1ಕ್ಕೆ ನಾವು ಮನೆ ಬದಲಾಯಿಸಿದ್ದೆವು. ಹೊಸ ಓನರಮ್ಮ ಟಿಎಂ 30 ಅನ್ನೋದನ್ನು ಸಲ್ಲಿಸಬೇಕಿತ್ತಂತೆ. ಕೇಳೋಣ ಅಂದರೆ ಫೋನ್ ಎತ್ತುತ್ತಿಲ್ಲ. ಲೈನ್ ಆ್ಯಪ್‌ನಲ್ಲಿ ಮೆಸೇಜ್ ಹಾಕಿದರೆ ಓದಿದ್ದಾರೆ ಅಂತ ತೋರಿಸುತ್ತೆ, ಉತ್ತರ ಇಲ್ಲ. ನನ್ನ ಗಡುವು ಇದೇ 24. ನಿದ್ದೆ ಬರ್ತಿಲ್ಲ. ವೀಸಾ ಹೋಗುತ್ತಾ?

ಸುಖುಮ್‌ವಿತ್ ಶೆಟ್ರು

ಮೊದಲು ನೀರು ಕುಡಿಯಿರಿ. ವೀಸಾ ಎಲ್ಲೂ ಹೋಗಲ್ಲ.

ನಾನು ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ ಆಯ್ತು. 90 ದಿನದ ರಿಪೋರ್ಟಿಗೆ ಅವರು ಕೊಡೋ ಚೀಟಿಗಳನ್ನೇ ಎಪ್ಪತ್ತಕ್ಕಿಂತ ಜಾಸ್ತಿ ಕಂಡಿದ್ದೀನಿ. ನಿಮ್ಮ ತಲೆಯಲ್ಲಿ ಎರಡು ಬೇರೆ ವಿಷಯ ಸೇರಿಕೊಂಡಿವೆ. ಎರಡೂ ಥಾಯ್ಲೆಂಡಿನ 1979ರ ಇಮಿಗ್ರೇಷನ್ ಕಾಯ್ದೆಯಿಂದಲೇ ಬಂದದ್ದು, ಅಕ್ಕಪಕ್ಕದ ಸೆಕ್ಷನ್‌ಗಳು. 37ನೇ ಸೆಕ್ಷನ್ ನಿಮ್ಮ ಹೊಣೆ: 90 ದಿನಕ್ಕಿಂತ ಜಾಸ್ತಿ ಉಳಿದರೆ ವಿಳಾಸ ತಿಳಿಸಬೇಕು, ಮುಂದಿನ ಪ್ರತಿ 90 ದಿನಕ್ಕೂ ಹಾಗೇ. ಅದೇ ಟಿಎಂ 47. 38ನೇ ಸೆಕ್ಷನ್ ಮನೆ ಓನರ್ ಹೊಣೆ: ವಿದೇಶಿಯರು ಬಂದು ಇಳಿದ 24 ಗಂಟೆಯೊಳಗೆ ಓನರ್ ತಿಳಿಸಬೇಕು. ಅದು ಟಿಎಂ 30.

ಈಗ ತಮಾಷೆ ನೋಡಿ. ಎರಡನೆಯದು ಓನರ್ ಮಾಡಬೇಕಾದ್ದು. ಅವರು ಮಾಡದಿದ್ದರೆ ಸಿಕ್ಕಿಹಾಕಿಕೊಳ್ಳುವವರು ನೀವು. ಕಂಪ್ಯೂಟರಿನಲ್ಲಿ ನಿಮ್ಮ ಹೆಸರು ಇನ್ನೂ ಹಳೇ ಮನೆಯಲ್ಲಿದೆ, ನೀವು ಹೊಸ ಮನೆ ಬರೆದಿದ್ದೀರಿ. ತಾಳೆ ಆಗಲಿಲ್ಲ, ವಾಪಸ್ ಬಂತು. ನನಗೆ ಅನಿಸೋದು ಇಷ್ಟೇ.

ಆನ್‌ಲೈನ್ ದಾರಿ ನಿಮಗೆ ಮುಚ್ಚಿತು. ಅದು ಗಡುವಿಗೆ 15 ದಿನ ಮೊದಲು ತೆರೆದು 7 ದಿನ ಮೊದಲೇ ಮುಚ್ಚುತ್ತೆ. ಆದರೆ ಖುದ್ದಾಗಿ ಹೋದರೆ ಗಡುವು ದಾಟಿ 7 ದಿನದವರೆಗೂ ತಗೋತಾರೆ, ದಂಡ ಇಲ್ಲ. ಅಂದರೆ ನಿಮಗೆ ಡಿಸೆಂಬರ್ 1ರವರೆಗೆ ಜಾಗ ಇದೆ. ಹಾಗಂತ ಕಾಯಬೇಡಿ.

ಓನರಮ್ಮನನ್ನು ಮರೆತುಬಿಡಿ. ಟಿಎಂ 30 ಅನ್ನು ಬಾಡಿಗೆಗಿರುವ ನೀವೇ ಹೋಗಿ ಕೊಡಬಹುದು. ಬಾಡಿಗೆ ಕರಾರು, ಓನರ್ ಗುರುತಿನ ಚೀಟಿಯ ಜೆರಾಕ್ಸ್, ಮತ್ತು ತಬಿಯನ್ ಬಾನ್‌ನ ಜೆರಾಕ್ಸ್ ಬೇಕು. ತಬಿಯನ್ ಬಾನ್ ಅಂದರೆ ಮನೆಗೊಂದು ಇರೋ ನೀಲಿ ಪುಸ್ತಕ. ನಮ್ಮ ಕಡೆ ಖಾತಾನೂ ರೇಷನ್ ಕಾರ್ಡೂ ಸೇರಿಸಿ ಒಂದೇ ಪುಸ್ತಕ ಮಾಡಿದರೆ ಹೇಗಿರುತ್ತೋ ಹಾಗೆ. ಕರಾರಿನ ಜೊತೆ ಇವೆಲ್ಲ ಪಿನ್ ಮಾಡಿ ಕೊಟ್ಟಿರುತ್ತಾರೆ, ನೋಡಿ.

ತುಮಕೂರು ಟು ಬ್ಯಾಂಕಾಕ್

ಶೆಟ್ರೇ, ಉಸಿರು ಬಂತು. ಕರಾರಿನ ಹಿಂದೆ ಗುರುತಿನ ಚೀಟಿಯ ಜೆರಾಕ್ಸ್ ಇದೆ. ನೀಲಿ ಪುಸ್ತಕದ್ದೂ ಇದೆ ಅನ್ಸುತ್ತೆ, ಪೂರ್ತಿ ಥಾಯ್‌ನಲ್ಲಿದೆ. ಆದರೆ ಕರಾರಿನಲ್ಲಿ ವರ್ಷ 2568 ಅಂತ ಹಾಕಿದ್ದಾರೆ! ತಪ್ಪು ಅಂತ ತಕರಾರು ಮಾಡಲ್ವಾ?

ಸುಖುಮ್‌ವಿತ್ ಶೆಟ್ರು

ಬುದ್ಧನ ಲೆಕ್ಕದ ವರ್ಷ ಅದು. 543 ಕಳೆಯಿರಿ, 2025 ಬರುತ್ತೆ. ಒಂದೂವರೆ ವರ್ಷದಿಂದ ಇಲ್ಲಿದ್ದೀರಿ, ಹಾಲಿನ ಪ್ಯಾಕೆಟ್ ಮೇಲಿನ ತಾರೀಕು ಹೇಗೆ ಓದ್ತಿದ್ರಿ ಮಾರಾಯ್ರೇ?

ಖಾರ ಮಂಡಕ್ಕಿ

ನನಗೆ ಒಂದು ಅರ್ಥ ಆಗಲ್ಲ. ತೆರಿಗೆ ಕಟ್ಟಿ, ಬಾಡಿಗೆ ಕೊಟ್ಟು, ನಿಯತ್ತಾಗಿ ದುಡಿಯೋ ಜನ ಮೂರು ಮೂರು ತಿಂಗಳಿಗೆ ಹೋಗಿ ಮುಖ ತೋರಿಸಬೇಕಾ? ನಮ್ಮೂರಲ್ಲಿ ರೌಡಿ ಶೀಟರ್‌ಗಳು ಠಾಣೆಗೆ ಹೋಗಿ ಸಹಿ ಹಾಕಿ ಬರ್ತಾರಲ್ಲ, ಅದೇ ಆಯ್ತಲ್ಲ ಇದು. ಭಾರತ ಯಾರಿಗಾದರೂ ಹೀಗೆ ಮಾಡುತ್ತಾ?

ಗೋಕುಲಂ ಮನೆಯವರು

ಮಾಡುತ್ತಪ್ಪಾ. ನಾನೇ ಮಾಡೋದು!

ಮೈಸೂರಿನ ಗೋಕುಲಂನಲ್ಲಿ ನಮ್ಮದೊಂದು ಮಹಡಿ ಮನೆ ಇದೆ. ಯೋಗ ಕಲಿಯೋಕೆ ಅಂತ ರಷ್ಯಾ, ಜಪಾನ್, ಬ್ರೆಜಿಲ್ ಎಲ್ಲಾ ಕಡೆಯಿಂದ ಬರುತ್ತಾರೆ. ಎರಡು ತಿಂಗಳು ಮೂರು ತಿಂಗಳು ಇರುತ್ತಾರೆ. ಅವರು ಚೀಲ ಇಳಿಸಿದ 24 ಗಂಟೆಯೊಳಗೆ ನಾನು ಸಿ ಫಾರಂ ತುಂಬಬೇಕು. ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್, ಎಲ್ಲಿಂದ ಬಂದರು, ಎಲ್ಲಿಗೆ ಹೋಗ್ತಾರೆ, ಫೋಟೋ ಎಲ್ಲಾ. ಹೋಟೆಲಿಗಷ್ಟೇ ಅಲ್ಲ, ನಮ್ಮಂಥ ಮನೆಯವರಿಗೂ ಇದೇ. ನಿಮ್ಮ ಟಿಎಂ 30 ಇದರ ತಂಗಿ ಅಂತ ಕಾಣುತ್ತೆ, ಗಂಟೆ ಕೂಡ ಅಷ್ಟೇ ಇದೆ. ಇನ್ನು 180 ದಿನಕ್ಕಿಂತ ಜಾಸ್ತಿ ಅವಧಿಯ ವೀಸಾದಲ್ಲಿ ಓದೋಕೆ, ಕೆಲಸಕ್ಕೆ ಬಂದವರು 14 ದಿನದೊಳಗೆ ತಾವೇ ನೋಂದಣಿ ಮಾಡಿಸಬೇಕು. ಬೆಂಗಳೂರಲ್ಲಾದರೆ ಅದಕ್ಕೆ ಎಫ್‌ಆರ್‌ಆರ್‌ಒ ಅಂತ ವಿದೇಶಿಯರ ನೋಂದಣಿ ಕಚೇರಿ ಇದೆ. 1946ರ ಹಳೇ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾನೂನು ಬಂದಿದೆ. ಅದರಲ್ಲೂ ಮನೆಯವರು ತಿಳಿಸೋ ಕೆಲಸ ತಪ್ಪಿಲ್ಲ.

ಮೊದಲ ವರ್ಷ ನನಗೂ ಗೊತ್ತಿರಲಿಲ್ಲ. ಒಬ್ಬ ಹುಡುಗಿ ಇದ್ದಳು, ಪಾಪ, ಬಂದ ನಾಲ್ಕನೇ ದಿನ ಅವಳೇ ನನ್ನ ಕೇಳಿದಳು, "ಆಂಟಿ, ಸಿ ಫಾರಂ ಮಾಡಿದ್ರಾ?" ಅಂತ. ನಾನು ತಿಂಡಿ ಮಾಡಿದ್ರಾ ಅಂತ ಕೇಳ್ತಿದ್ದಾಳೆ ಅಂದುಕೊಂಡು "ಹೂಂ, ಉಪ್ಪಿಟ್ಟು" ಅಂದೆ.

ಅದಕ್ಕೇ ಹೇಳೋದು, ನಿಮ್ಮ ಓನರಮ್ಮನನ್ನು ಬೈಕೋಬೇಡಿ. ಅವರಿಗೂ ಗೊತ್ತಿಲ್ಲದೇ ಇರಬಹುದು. ಗೊತ್ತಾದ ಮೇಲೆ ಭಯ ಆಗಿ ಫೋನ್ ಎತ್ತದೇ ಇರಬಹುದು.

ಖಾರ ಮಂಡಕ್ಕಿ

ಉಪ್ಪಿಟ್ಟಿಗೆ ಸೋತೆ ಮೇಡಂ. ವಾದ ವಾಪಸ್ ತಗೊಂಡೆ. ಅರ್ಧ.

ಮಂಡ್ಯ ಟು ಮ್ಯೂನಿಕ್

ಜರ್ಮನಿಯಲ್ಲೂ ಇದೆ, ಆದರೆ ಬಣ್ಣ ಬೇರೆ. ಮನೆಗೆ ಬಂದ ಎರಡು ವಾರದೊಳಗೆ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮಾಡಿಸಬೇಕು. ಮನೆ ಮಾಲೀಕ ಒಂದು ಕಾಗದಕ್ಕೆ ಸಹಿ ಹಾಕಿ ಕೊಡಬೇಕು, ಆ ಕಾಗದದ ಹೆಸರು ವೊನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್. ಒಂದೇ ಪದ, ಉಸಿರು ಕಟ್ಟಿ ಹೇಳಬೇಕು. 2015ರ ನವೆಂಬರ್‌ನಿಂದ ಅದು ಕಡ್ಡಾಯ. ಕಷ್ಟ ಏನಂದ್ರೆ, ದೊಡ್ಡ ಊರುಗಳಲ್ಲಿ ಎರಡು ವಾರದೊಳಗೆ ಅಪಾಯಿಂಟ್‌ಮೆಂಟೇ ಸಿಗಲ್ಲ.

ಆದರೂ ನನಗೆ ಅದು ಚುಚ್ಚಲ್ಲ. ಯಾಕಂದ್ರೆ ಮನೆ ಬದಲಾಯಿಸಿದರೆ ಜರ್ಮನ್ನರೂ ಅದೇ ಸಾಲಲ್ಲಿ ನಿಲ್ತಾರೆ. ನನ್ನ ಹಿಂದೆ ಒಬ್ಬ ಅಜ್ಜ ನಿಂತಿದ್ದ, ಹುಟ್ಟಿದ್ದೇ ಇದೇ ಊರಲ್ಲಂತೆ. ನಿಮ್ಮ 90 ದಿನದ್ದು ವಿದೇಶಿಯರಿಗೆ ಮಾತ್ರ. ಅದೂ ಏನೂ ಬದಲಾಗದಿದ್ದರೂ ಹೋಗಿ "ಏನೂ ಬದಲಾಗಿಲ್ಲ" ಅನ್ನಬೇಕು. ಅದು ಚುಚ್ಚುತ್ತೆ. ಖಾರ ಮಂಡಕ್ಕಿ ಅವರ ಉಳಿದರ್ಧ ವಾದಕ್ಕೆ ನನ್ನ ಬೆಂಬಲ ಇದೆ.

ಎಡಿಸನ್ ಅಯ್ಯಂಗಾರ್ರು

ಅಮೆರಿಕದ್ದನ್ನೂ ಒಂದು ಸಾಲು ಸೇರಿಸಿಬಿಡ್ತೀನಿ, ಯಾಕಂದ್ರೆ ಇಲ್ಲಿ ಹತ್ತು ಜನರಲ್ಲಿ ಎಂಟು ಜನ ಇದನ್ನು ಮರೀತಾರೆ (ನನ್ನ ಲೆಕ್ಕ, ನಮ್ಮ ಬೀದಿಯದ್ದು). ಮನೆ ಬದಲಾಯಿಸಿದ 10 ದಿನದೊಳಗೆ ಎಆರ್-11 ಅನ್ನೋ ವಿಳಾಸ ಬದಲಾವಣೆ ಫಾರಂ ಕೊಡಬೇಕು. ಆನ್‌ಲೈನ್, ಪುಕ್ಕಟೆ, ಐದು ನಿಮಿಷ. ಎಚ್-1ಬಿ ಆದರೂ ಸರಿ, ಗ್ರೀನ್ ಕಾರ್ಡ್ ಆದರೂ ಸರಿ. ಅಂಚೆ ಕಚೇರಿಗೆ ವಿಳಾಸ ಬದಲಾವಣೆ ಕೊಟ್ಟರೆ ಸಾಕು ಅಂತ ಸುಮಾರು ಜನ ಅಂದುಕೊಂಡಿದ್ದಾರೆ, ಸಾಲದು. ಮಕ್ಕಳಿಗೆ 14 ತುಂಬಿದ ಮೇಲೆ 30 ದಿನದೊಳಗೆ ಮತ್ತೆ ನೋಂದಣಿ ಮಾಡಿಸಿ ಬೆರಳಚ್ಚು ಕೊಡಿಸಬೇಕು ಅನ್ನೋದಂತೂ ಗ್ರೀನ್ ಕಾರ್ಡ್ ಇರೋ ಅಪ್ಪ ಅಮ್ಮಂದಿರಿಗೇ ಗೊತ್ತಿರಲ್ಲ. 2025ರ ಏಪ್ರಿಲ್‌ನಿಂದ ನೋಂದಣಿ ವಿಚಾರ ಬಿಗಿ ಮಾಡಿದ್ದಾರೆ. 18 ತುಂಬಿದವರು ದಾಖಲೆ ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕು. ನಾನು ವಾಕಿಂಗ್ ಹೋಗುವಾಗಲೂ ಜೇಬಲ್ಲಿ ಕಾರ್ಡ್ ಇರುತ್ತೆ. ಮೊದಲು ಅದೇ ಜೇಬಲ್ಲಿ ಕಡ್ಲೆಬೀಜ ಇರುತ್ತಿತ್ತು.

ಚಿಯಾಂಗ್ ಮಾಯ್ ಅಕ್ಕ

ತುಮಕೂರಿನ ತಮ್ಮಾ, ನಾನು ದಂಡ ಕಟ್ಟಿದವಳು. ಕೇಳು.

ನಮ್ಮ ಯಜಮಾನರು ಥಾಯ್. ಮದುವೆಯಾಗಿ ಹನ್ನೊಂದು ವರ್ಷ ಆದರೂ ನಾನು ಇನ್ನೂ ವರ್ಷ ವರ್ಷ ವೀಸಾ ವಿಸ್ತರಣೆ ಮಾಡಿಸೋ ಹೆಂಡತಿ. ಆದ್ದರಿಂದ ನನಗೂ 90 ದಿನ ತಪ್ಪಿಲ್ಲ. ಅತ್ತೆ ನಗ್ತಾರೆ, "ನಮ್ಮ ಸೊಸೆ ಎಲ್ಲಿದ್ದಾಳೆ ಅಂತ ಸರ್ಕಾರಕ್ಕೆ ನನಗಿಂತ ಚೆನ್ನಾಗಿ ಗೊತ್ತು" ಅಂತ.

ನಾನು ಮಾಡಿದ ಮೊದಲ ತಪ್ಪು, 90 ದಿನ ಅಂದ್ರೆ ಮೂರು ತಿಂಗಳು ಅಂದುಕೊಂಡದ್ದು. ಜುಲೈ, ಆಗಸ್ಟ್, ಸೆಪ್ಟೆಂಬರ್ ಕೂಡಿಸಿ ನೋಡು: 92. ಎರಡು ದಿನ ಅಲ್ಲೇ ಹೋಯ್ತು. ಎರಡನೇ ತಪ್ಪು, ಕೃಪೆಯ ಏಳು ದಿನವನ್ನು ಕಚೇರಿ ತೆರೆದಿರೋ ಏಳು ದಿನ ಅಂದುಕೊಂಡದ್ದು. ಶನಿವಾರ ಭಾನುವಾರವೂ ಲೆಕ್ಕಕ್ಕೆ ಬರುತ್ತೆ ಅಂತ ಕೌಂಟರಿನಲ್ಲಿ ಗೊತ್ತಾಯ್ತು. ಹೋದದ್ದು ಗಡುವು ದಾಟಿದ ಹತ್ತನೇ ದಿನ. 2,000 ಬಾತ್ ದಂಡ, ರಸೀದಿ, ಹೊಸ ಚೀಟಿ. ಕೂಗಾಡಲಿಲ್ಲ, ಬೈಯಲಿಲ್ಲ. ಅಧಿಕಾರಿ ರಸೀದಿ ಕೊಡುವಾಗ ಕೈ ಮುಗಿದು ಥ್ಯಾಂಕ್ಸ್ ಕೂಡ ಹೇಳಿದಳು. ಅದೇ ಹೆಚ್ಚು ಅವಮಾನ ಆಯ್ತು.

ನಾವೇ ಹೋಗಿ ಹೇಳಿಕೊಂಡರೆ 2,000. ಅವರೇ ಹಿಡಿದರೆ 5,000ದವರೆಗೆ ಹೋಗುತ್ತೆ, ಅದರ ಮೇಲೆ ದಿನಕ್ಕೆ 200ರವರೆಗೆ. ಅದಕ್ಕೇ ತಡ ಆಯ್ತು ಅಂತ ಮನೆಯಲ್ಲಿ ಕೂರಬಾರದು.

ಪಟ್ಟಾಯ ಪಾಕಶಾಲೆ

ಎಲ್ಲರೂ ತಾರೀಕಿನ ಬಗ್ಗೆ ಹೇಳಿದ್ರಿ. ನಾನು ನೋಡಿದ ದೊಡ್ಡ ಅನಾಹುತ ಬೇರೇನೇ. ನಮ್ಮ ಅಡುಗೆಮನೆಗೆ ಕುಂದಾಪುರದ ಕಡೆಯ ಒಬ್ಬ ಹುಡುಗ ಬಂದಿದ್ದ. 90 ದಿನದ ರಿಪೋರ್ಟ್ ಕೊಟ್ಟ, ಅವರು ಮುಂದಿನ ತಾರೀಕು ಬರೆದ ಚೀಟಿಯನ್ನು ಪಾಸ್‌ಪೋರ್ಟಿಗೆ ಪಿನ್ ಹೊಡೆದರು. ಇವನು ಅದನ್ನೇ ವೀಸಾ ಅಂದುಕೊಂಡ! "ಫೆಬ್ರವರಿವರೆಗೆ ಇದೆ ಸಾರ್" ಅಂತ ಹಾಯಾಗಿದ್ದ. ನಿಜವಾದ ಸ್ಟಾಂಪ್ ಡಿಸೆಂಬರಿಗೇ ಮುಗಿದಿತ್ತು. ಹನ್ನೆರಡು ದಿನ ಓವರ್‌ಸ್ಟೇ, ದಿನಕ್ಕೆ 500ರಂತೆ 6,000 ಬಾತ್. ತಿಂಗಳ ಸಂಬಳದಲ್ಲಿ ಊರಿಗೆ ಏನು ಕಳಿಸಿದ ಅಂತ ಕೇಳೋಕೆ ನನಗೆ ಧೈರ್ಯ ಆಗಲಿಲ್ಲ.

ಆ ಚೀಟಿ ಇರೋಕೆ ಅನುಮತಿ ಅಲ್ಲ. ಇದ್ದೀನಿ ಅಂತ ಹೇಳಿದ್ದಕ್ಕೆ ರಸೀದಿ ಅಷ್ಟೇ. ನಮ್ಮ ಅಡುಗೆಮನೆ ಗೋಡೆ ಮೇಲೆ ಈಗ ದೊಡ್ಡದಾಗಿ ಬರೆದು ಅಂಟಿಸಿದ್ದೀನಿ, ದೋಸೆ ಕಾವಲಿಯ ಮೇಲ್ಗಡೆ.

ಸುಖುಮ್‌ವಿತ್ ಶೆಟ್ರು

ಇದಕ್ಕೆ ನೂರು ಸಲ ಹೌದು. ಇನ್ನೊಂದು ಸೇರಿಸಿ: ವರ್ಷದ ವಿಸ್ತರಣೆ ಇರುವವರು ಊರಿಗೆ ಹೋಗುವ ಮೊದಲು ರೀ-ಎಂಟ್ರಿ ಪರ್ಮಿಟ್ ತಗೊಳ್ಳಲೇಬೇಕು. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿ ಬರೋಕೆ 3,800. ಮರೆತು ವಿಮಾನ ಹತ್ತಿದರೆ ವಿಸ್ತರಣೆ ಅಲ್ಲಿಗೇ ಸತ್ತುಹೋಯ್ತು. ಆದರೆ ದೇಶ ಬಿಟ್ಟು ಬಂದರೆ ಒಂದು ಲಾಭ ಇದೆ. 90ರ ಎಣಿಕೆ ಮತ್ತೆ ಒಂದರಿಂದ ಶುರು. ಮೂರು ತಿಂಗಳಿಗೊಮ್ಮೆ ಸಿಂಗಾಪುರಕ್ಕೆ ಹೋಗಿ ಬರೋ ನಮ್ಮ ವಜ್ರದ ವ್ಯಾಪಾರಿಗಳು ಈ ಕೌಂಟರ್‌ಗಳನ್ನು ನೋಡೇ ಇಲ್ಲ.

ಟಿಎಂ 30 ಕತೆಯೂ ಹೇಳಿಬಿಡ್ತೀನಿ. ಕಾನೂನು 1979ರದ್ದೇ ಆದರೂ ವರ್ಷಗಟ್ಟಲೆ ಅದನ್ನು ಹೆಚ್ಚಿನವರು ಕೇಳಿರಲೇ ಇಲ್ಲ. 2019ರಲ್ಲಿ ಇದ್ದಕ್ಕಿದ್ದಂತೆ ಬಿಗಿ ಮಾಡಿದರು. ಎರಡು ದಿನ ಹುವಾ ಹಿನ್ ಬೀಚಿಗೆ ಹೋಗಿ ಬಂದರೂ ಮತ್ತೆ ಸಲ್ಲಿಸಿ ಅನ್ನೋ ಪರಿಸ್ಥಿತಿ. ಆಗ ಹುಯಿಲೋ ಹುಯಿಲು. 2020ರಲ್ಲಿ ಸಡಿಲ ಮಾಡಿದರು, ಅದೇ ಮನೆಗೆ ವಾಪಸ್ ಬಂದರೆ ಮತ್ತೆ ಬೇಡ ಅಂತ. ಆದರೂ ಒಂದೊಂದು ಪ್ರಾಂತ್ಯದ ಕಚೇರಿಯದ್ದು ಒಂದೊಂದು ತಾಳ. ನಿಮ್ಮ ಊರಿನ ಕಚೇರಿ ಏನು ಹೇಳುತ್ತೋ ಅದೇ ಕಾನೂನು ಅಂದುಕೊಂಡರೆ ಬಿಪಿ ಬರಲ್ಲ.

ಹಾಸನದ ಮಗಳು

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಅಪ್ಪ ಅಮ್ಮ ಡಿಸೆಂಬರಲ್ಲಿ ನನ್ನ ನೋಡೋಕೆ ಎರಡು ವಾರ ಫುಕೆಟ್‌ಗೆ ಬರ್ತಾರೆ. ಅವರಿಗೂ ಇದೆಲ್ಲಾ ಇದೆಯಾ? ಡಿಜಿಟಲ್ ಅರೈವಲ್ ಕಾರ್ಡ್ ಅಂತ ಒಂದು ಸೈಟಲ್ಲಿ ದುಡ್ಡು ಕೇಳ್ತಿದೆ.

ಸುಖುಮ್‌ವಿತ್ ಶೆಟ್ರು

ದುಡ್ಡು ಕೇಳಿದರೆ ಅದು ಸರ್ಕಾರದ ಸೈಟ್ ಅಲ್ಲ, ಮುಚ್ಚಿಬಿಡಿ. ಟಿಡಿಎಸಿ ಅಂತ ಅದಕ್ಕೆ, 2025ರ ಮೇ 1ರಿಂದ ಶುರುವಾಗಿದ್ದು, ಪೂರ್ತಿ ಪುಕ್ಕಟೆ. ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬಿದರೆ ಸಾಕು. ಎರಡು ವಾರಕ್ಕೆ ಬರೋರಿಗೆ 90 ದಿನದ ರಗಳೆ ಇಲ್ಲ. ಆದರೆ ಅವರು ನಿಮ್ಮ ಮನೆಯಲ್ಲೇ ಉಳಿದರೆ ಓನರ್ ಕೊಡೋ ಟಿಎಂ 30 ಅವರಿಗೂ ಅನ್ವಯ. ಓನರ್‌ಗೆ ಈಗಲೇ ಹೇಳಿಡಿ. ತುಮಕೂರಿನವರ ಪಾಡು ನೋಡಿದ್ರಲ್ಲ.

ನಿರ್ವಾಹಕ

ಒಂದು ಮನವಿ. ಯಾರೋ ಚೀಟಿ ತೋರಿಸೋಕೆ ಅಂತ ಪಾಸ್‌ಪೋರ್ಟ್ ಫೋಟೋ ಹಾಕಿದ್ದರು, ತೆಗೆದಿದ್ದೇನೆ. ನಂಬರ್ ಮುಚ್ಚಿದ್ದರೂ ಹಾಕಬೇಡಿ.

ತುಮಕೂರು ಟು ಬ್ಯಾಂಕಾಕ್ (ಗುರುವಾರ ರಾತ್ರಿ, ನವೆಂಬರ್ 20)

ಆಯ್ತು! ಪೂರ್ತಿ ಬರೀತೀನಿ, ಮುಂದೆ ಯಾರಿಗಾದರೂ ಉಪಯೋಗ ಆಗಲಿ.

ರಜೆ ಹಾಕಿ ಬೆಳಿಗ್ಗೆ ಹೊರಟೆ. ಬಿಟಿಎಸ್ ಮೆಟ್ರೋದಲ್ಲಿ ವಾಟ್ ಫ್ರಾ ಸಿ ಮಹಾಥಾತ್‌ವರೆಗೆ, ಅಲ್ಲಿಂದ ಗುಲಾಬಿ ಬಣ್ಣದ ಮೊನೊರೈಲು. ಚೇಂಗ್ ವತ್ತಾನದ ಸರ್ಕಾರಿ ಸಂಕೀರ್ಣ ಅಂದರೆ ನಾನು ನಮ್ಮ ಮಿನಿ ವಿಧಾನಸೌಧ ಥರ ಇರುತ್ತೆ ಅಂದುಕೊಂಡಿದ್ದೆ. ವಿಮಾನ ನಿಲ್ದಾಣದಷ್ಟು ಇದೆ ಶೆಟ್ರೇ! ಒಳಗೇ ಊಟದ ಅಂಗಡಿಗಳ ಸಾಲು.

ಜೆರಾಕ್ಸ್ ಅಂಗಡಿಯಾಕೆಯೇ ಅರ್ಧ ಕೆಲಸ ಮುಗಿಸಿಕೊಟ್ಟಳು. ನನ್ನ ಮುಖ ನೋಡಿ ಏನೂ ಕೇಳಲಿಲ್ಲ. ಪಾಸ್‌ಪೋರ್ಟ್ ಕಸಿದುಕೊಂಡು, ಫೋಟೋ ಪುಟ, ವೀಸಾ ಪುಟ, ಕೊನೇ ಸ್ಟಾಂಪ್, ಹಳೇ ಚೀಟಿ, ಟಪಟಪ ಅಂತ ತೆಗೆದು, ಪ್ರತಿ ಹಾಳೆಯಲ್ಲೂ ಪೆನ್ಸಿಲಲ್ಲಿ ಒಂದು ಚಿಕ್ಕ ಗುಣಾಕಾರ ಹಾಕಿದಳು. ಸಹಿ ಇಲ್ಲಿ ಅಂತ. ಹನ್ನೊಂದು ಸಹಿ. ನಮ್ಮ ಮದುವೆ ನೋಂದಣಿಗೂ ಅಷ್ಟು ಹಾಕಿರಲಿಲ್ಲ.

ಟಿಎಂ 30 ಕೌಂಟರಿನಲ್ಲಿ ತಡ ಆಗಿದ್ದಕ್ಕೆ 800 ಬಾತ್ ಆಯ್ತು. ಅದು ಓನರ್ ಕಟ್ಟಬೇಕಾದ್ದು ಅಂತ ಗೊತ್ತು. ವಾದ ಮಾಡೋ ಶಕ್ತಿ ಇರಲಿಲ್ಲ, ಕಟ್ಟಿದೆ. ಮನೆಯಲ್ಲಿ ಎಷ್ಟು ಜನ ಅಂತ ಕೇಳಿದರು, ಮೂವರ ಪಾಸ್‌ಪೋರ್ಟ್ ಜೆರಾಕ್ಸೂ ಇತ್ತು, ಮೂವರದ್ದೂ ಸೇರಿಸಿ ಮಾಡಿಕೊಟ್ಟರು. ಆಮೇಲೆ 90 ದಿನದ ಕೌಂಟರ್. ಇಷ್ಟು ದಿನ ನಿದ್ದೆ ಕೆಡಿಸಿದ ಕೆಲಸ ನಾಲ್ಕು ನಿಮಿಷ ತಗೊಂಡಿತು. ಅಧಿಕಾರಿ ಪಿನ್ ಕೀಳೋ ಇಕ್ಕಳದಲ್ಲಿ ಹಳೇ ಚೀಟಿ ಕಿತ್ತು, ಸ್ಕೇಲ್ ಇಟ್ಟು ಹೊಸದನ್ನು ಅಳತೆಗೆ ಹರಿದು, ಅದೇ ಹಳೇ ತೂತಿನ ಮೇಲೆ ಪಿನ್ ಹೊಡೆದರು. ತಲೆ ಕೂಡ ಎತ್ತಲಿಲ್ಲ.

ಹೊರಗೆ ಬಂದು ಐಸ್ ಹಾಕಿದ ಟೀ ಕುಡೀತಾ ಓನರಮ್ಮನಿಗೆ ರಸೀದಿಯ ಫೋಟೋ ಕಳಿಸಿದೆ. ಎರಡು ನಿಮಿಷದಲ್ಲಿ ಉತ್ತರ! ಕೈ ಮುಗಿದು ಬಗ್ಗುತ್ತಿರೋ ಕರಡಿಯ ಸ್ಟಿಕ್ಕರ್. ಸಂಜೆ ಬಂದು ನೋಡಿದರೆ ಬಾಗಿಲ ಹಿಡಿಗೆ ಒಂದು ಚೀಲ ಮಾವಿನಹಣ್ಣು ನೇತುಹಾಕಿದ್ದಾರೆ. ಗೋಕುಲಂ ಮೇಡಂ ಹೇಳಿದ್ದೇ ಸರಿ, ಪಾಪ ಹೆದರಿದ್ದರು ಅನ್ಸುತ್ತೆ. 800 ಬಾತ್ ಬಗ್ಗೆ ಮಾತ್ರ ಕರಡಿ ಏನೂ ಹೇಳಿಲ್ಲ.

ಮುಂದಿನ ಗಡುವು ಫೋನಲ್ಲಿ ಹಾಕಿದೆ, ಅಡುಗೆಮನೆಯ ಕ್ಯಾಲೆಂಡರಿನಲ್ಲೂ ಬರೆದೆ. ಎಲ್ಲರಿಗೂ ಧನ್ಯವಾದ.

ಚಿಯಾಂಗ್ ಮಾಯ್ ಅಕ್ಕ

ನವೆಂಬರಲ್ಲಿ ಮಾವಿನಹಣ್ಣು! ನಿನ್ನ ಓನರಮ್ಮ ಒಳ್ಳೆಯವರು ಬಿಡು.

ಸುಖುಮ್‌ವಿತ್ ಶೆಟ್ರು

ಸಂತೋಷ. ಒಂದು ಪ್ರಶ್ನೆ ಮಾತ್ರ. ಮನೆಯವರು ಊರಿಂದ ಬಂದದ್ದು ಯಾವತ್ತು ಅಂದ್ರಿ?

ತುಮಕೂರು ಟು ಬ್ಯಾಂಕಾಕ್

ಆಗಸ್ಟ್ 31. ಯಾಕೆ ಶೆಟ್ರೇ?

ಸುಖುಮ್‌ವಿತ್ ಶೆಟ್ರು

ಎಣಿಕೆ ಒಂದರಿಂದ ಶುರು ಅಂದಿದ್ದೆ. ಬಂದ ದಿನವೂ ಸೇರಿಸಿ ಎಣಿಸಿ.

ತುಮಕೂರು ಟು ಬ್ಯಾಂಕಾಕ್

ಎಣಿಸಿದೆ. ನವೆಂಬರ್ 28. ಇಬ್ಬರದ್ದೂ.

15 ದಿನ ಮೊದಲೇ ತಗೋತಾರೆ ಅಂದ್ರೆ ಇವತ್ತೇ ಅಲ್ಲೇ ಕೊಡಬಹುದಿತ್ತು ಅಲ್ವಾ?

ಸುಖುಮ್‌ವಿತ್ ಶೆಟ್ರು

ಕೊಡಬಹುದಿತ್ತು. ಅವರು ಬರೋದೂ ಬೇಕಿರಲಿಲ್ಲ, ಅವರ ಪರವಾಗಿ ನೀವೇ ಕೊಟ್ಟರೂ ನಡೆಯುತ್ತೆ.

ತುಮಕೂರು ಟು ಬ್ಯಾಂಕಾಕ್

ಹೆಂಡತಿ ಪಕ್ಕದಲ್ಲೇ ಕೂತು ಮಾವಿನಹಣ್ಣು ತಿಂತಾ ಇದನ್ನು ಓದುತ್ತಿದ್ದಾಳೆ. ಸೋಮವಾರ ಇನ್ನೊಂದು ರಜೆ.

ಸುಖುಮ್‌ವಿತ್ ಶೆಟ್ರು

ಜೆರಾಕ್ಸ್ ಅಂಗಡಿಯವಳಿಗೆ ನನ್ನ ನಮಸ್ಕಾರ ಹೇಳಿ.